ಉಣ್ಣೆಯ ದುಡ್ಡು, ಕೆಸರಿನ ನೆಲ: ಹಳೆಯ ಬಾಸ್ಟನ್ನಿನ ಚರ್ಚು

ಇಂಗ್ಲೆಂಡಿನ ಪೂರ್ವದ ಅಂಚಿನಲ್ಲಿ, ಲಿಂಕನ್‌ಶೈರ್ ಸೀಮೆಯ ತಗ್ಗುನೆಲದಲ್ಲಿ, ವಿದಮ್ ಹೊಳೆಯ ದಂಡೆಗೆ ಒಂದು ಪೇಟೆ ಊರಿದೆ. ಬುಧವಾರ ಮತ್ತು ಶನಿವಾರ ಅಲ್ಲಿ ಸಂತೆ. ಊರಿನ ಹೆಸರು ಬಾಸ್ಟನ್. ಮ್ಯಾಸಚೂಸೆಟ್ಸಿನ ಕನ್ನಡಿಗರಾದ ನಾವು ವಿಳಾಸದಲ್ಲಿ, ವಿಮಾನದ ಟಿಕೇಟಿನಲ್ಲಿ, ಊರಿಂದ ಅಮ್ಮ ಫೋನು ಮಾಡಿದಾಗ ಬಳಸುವ ಹೆಸರು ಮೊದಲು ಅವರದು. ನಮ್ಮ ಕೂಟದ ಈ ಸಂಚಿಕೆಯಲ್ಲಿ ಅಧ್ಯಕ್ಷರ ಪಟ್ಟಿ, ನಾಟಕಗಳ ಫೋಟೊ, ರಾಜ್ಯೋತ್ಸವಗಳ ನೆನಪು ಎಲ್ಲವೂ ಇರುತ್ತವೆ. ಅವುಗಳ ನಡುವೆ ನಮ್ಮೂರಿನ ತಾಯೂರಿನ ಒಂದು ಸಂಸ್ಥೆಯ ಚರಿತ್ರೆಗೂ ನಾಲ್ಕು ಪುಟ ಇರಲಿ ಎಂದು ಈ ಬರಹ. ಆ ಸಂಸ್ಥೆ ಸಂತ ಬೊಟಾಲ್ಫರ ಚರ್ಚು. ಊರವರು ಅದನ್ನು ಪ್ರೀತಿಯಿಂದ ‘ಸ್ಟಂಪ್’ ಎನ್ನುತ್ತಾರೆ.

ಇದು ಕ್ಯಾಥೆಡ್ರಲ್ ಅಲ್ಲ. ನೋಡಿದವರು ಯಾರೂ ಇದನ್ನು ಮೊದಲಿಗೆ ನಂಬುವುದಿಲ್ಲ. ಕ್ಯಾಥೆಡ್ರಲ್ ಎಂದರೆ ಬಿಷಪ್ಪರ ಪೀಠವಿರುವ ಚರ್ಚು. ಈ ಸೀಮೆಯ ಬಿಷಪ್ಪರು ಕೂರುವುದು ಸುಮಾರು 30 ಮೈಲಿ ಆಚೆಯ ಲಿಂಕನ್ನಿನಲ್ಲಿ. ಬಾಸ್ಟನ್ನಿನದು ಬರೀ ಪ್ಯಾರಿಷ್ ಚರ್ಚು, ಅಂದರೆ ಒಬ್ಬ ಪಾದ್ರಿಯ ಹೊಣೆಗೆ ಸೇರಿದ ಊರಿನ, ಅದರ ಕೇರಿಗಳ ಜನ ಮಗುವಿಗೆ ದೀಕ್ಷಾಸ್ನಾನ ಮಾಡಿಸುವ, ಮದುವೆಯಾಗುವ, ಸತ್ತವರನ್ನು ಮಣ್ಣು ಮಾಡುವ ಚರ್ಚು. ಹಾಗಿದ್ದೂ ಅದರ ಗೋಪುರ 266 ಅಡಿ ಎತ್ತರ. ಚೂಪು ಶಿಖರವಿಲ್ಲದ ಊರ ಚರ್ಚುಗಳ ಗೋಪುರಗಳಲ್ಲಿ ಇಂಗ್ಲೆಂಡಿನಲ್ಲಿಯೇ ಎತ್ತರದ್ದು ಇದೆಂದು ಹೆಸರು. ಚೂಪು ಶಿಖರವನ್ನೂ ಲೆಕ್ಕಕ್ಕೆ ಹಿಡಿದರೆ ಅದೇ ಸೀಮೆಯ ಲೌತ್ ಎಂಬ ಇನ್ನೊಂದು ಸಂತೆಯೂರಿನ ಚರ್ಚು ಇದಕ್ಕಿಂತ ಎತ್ತರ. ಈ ಮಾತನ್ನು ಬಾಸ್ಟನ್ನಿನಲ್ಲಿ ನಿಂತು ಆಡದಿರುವುದು ಒಳ್ಳೆಯದು.

ಅರಸನಿಲ್ಲದ, ಬಿಷಪ್ಪನಿಲ್ಲದ ಊರಿಗೆ ಇಷ್ಟು ದೊಡ್ಡ ಕಟ್ಟಡ ಬಂದುದು ಹೇಗೆ? ಉತ್ತರ ಚರ್ಚಿನ ಗೋಡೆಯಾಚೆಗೇ ಇದೆ, ಸಂತೆಯ ಬಯಲಿನಲ್ಲಿ.

ಬೊಟಾಲ್ಫ್ 7ನೇ ಶತಮಾನದ ಸ್ಯಾಕ್ಸನ್ ಸನ್ಯಾಸಿ. 654ರಲ್ಲಿ ಇಕಾನ್ಹೊ ಎಂಬಲ್ಲಿ ಮಠ ಕಟ್ಟಿದನೆಂದು ಹಳೆಯ ದಾಖಲೆ ಹೇಳುತ್ತದೆ. ಆ ಇಕಾನ್ಹೊ ತಮ್ಮೂರೇ ಎಂದು ಬಾಸ್ಟನ್ನಿನವರು ಬಹುಕಾಲ ನಂಬಿದ್ದರು. ಈಗಿನ ವಿದ್ವಾಂಸರು ಅದು ಸಫೋಕ್ ಸೀಮೆಯ ಐಕನ್ ಎನ್ನುತ್ತಾರೆ. ಸಂತ ಊರಿಗೆ ಬಂದಿದ್ದನೋ ಇಲ್ಲವೋ, ಅವನ ಹೆಸರಿನ ಜಾತ್ರೆಯಂತೂ ಬಂದು ನೆಲೆ ನಿಂತಿತು. ಪ್ರಯಾಣಿಕರನ್ನೂ ಬೇಸಾಯಗಾರರನ್ನೂ ಕಾಯುವ ಸಂತ ಅವನು. ಜೂನ್ 17 ಅವನ ದಿನ. ಆ ಹೊತ್ತಿಗೆ ನಡೆಯುತ್ತಿದ್ದ ಬಾಸ್ಟನ್ ಜಾತ್ರೆಗೆ 13ನೇ ಶತಮಾನದಲ್ಲಿ ಅರಸರ ಉಗ್ರಾಣದ ಅಧಿಕಾರಿಗಳೇ ಬಂದು ದ್ರಾಕ್ಷಾರಸ, ಬಟ್ಟೆ, ತುಪ್ಪುಳದ ಚರ್ಮ ಕೊಳ್ಳುತ್ತಿದ್ದರು. ಆದರೆ ಊರನ್ನು ಮೇಲೆತ್ತಿದ ಸರಕು ಇವಾವುದೂ ಅಲ್ಲ, ಕುರಿಯ ಉಣ್ಣೆ. ಲಿಂಕನ್‌ಶೈರಿನ ಹುಲ್ಲುಗುಡ್ಡಗಳಲ್ಲಿ, ಯಾರ್ಕ್‌ಶೈರಿನ ಸಿಸ್ಟರ್ಶಿಯನ್ ಮಠಗಳಲ್ಲಿ ಕತ್ತರಿಸಿದ ಉಣ್ಣೆ ಮೂಟೆಮೂಟೆಯಾಗಿ ಹೊಳೆಯಲ್ಲಿಳಿದು, ಬಾಸ್ಟನ್ನಿನಲ್ಲಿ ಹಡಗು ಹತ್ತಿ, ಫ್ಲಾಂಡರ್ಸಿನ ನೇಕಾರರ ಮಗ್ಗ ಸೇರುತ್ತಿತ್ತು.

ಆಗಿನ ಬಾಸ್ಟನ್ನಿನ ದೊಡ್ಡಸ್ತಿಕೆಗೆ ಒಂದು ಲೆಕ್ಕ ಸಾಕು. 13ನೇ ಶತಮಾನದ ಮೊದಲ ವರ್ಷಗಳಲ್ಲಿ ದೊರೆ ಜಾನ್ ಬಂದರುಗಳ ವ್ಯಾಪಾರಿಗಳ ಸರಕಿನ ಮೇಲೆ ಹದಿನೈದರಲ್ಲಿ ಒಂದು ಪಾಲು ತೆರಿಗೆ ಹಾಕಿದ. ಲಂಡನ್ ಕಟ್ಟಿದ್ದು 836 ಪೌಂಡು. ಬಾಸ್ಟನ್ 780. ಉಳಿದ ಬಂದರುಗಳೆಲ್ಲ ಇವೆರಡರ ಹಿಂದೆ. ಇದೇ ದೊರೆ 1204ರಲ್ಲಿ ಊರಿಗೆ ಸನ್ನದು ಕೊಟ್ಟ. ಆ ಶತಮಾನದ ಕೊನೆಯ ಹೊತ್ತಿಗೆ ಉಣ್ಣೆಯ ರಫ್ತಿನಲ್ಲಿ ಬಾಸ್ಟನ್ ಲಂಡನ್ನನ್ನೂ ಮೀರಿಸಿದ ಕಾಲವಿತ್ತು. 1369ರಲ್ಲಿ ಉಣ್ಣೆ ತೂಗಿ, ಸುಂಕ ಕಟ್ಟಿಸಿಕೊಂಡು, ಮುದ್ರೆಯೊತ್ತಿ ಹೊರಗೆ ಬಿಡುವ ಅಧಿಕೃತ ಕಟ್ಟೆಯೂ ಲಿಂಕನ್ನಿನಿಂದ ಇಲ್ಲಿಗೆ ಬಂತು.

ಈಗ ನಾವು ನೋಡುವ ಕಟ್ಟಡ ಶುರುವಾದದ್ದು 1309ರಲ್ಲಿ. ಮಾರ್ಜರಿ ಟಿಲ್ನಿ ಎಂಬ ಗಣ್ಯ ಮನೆತನದ ಹೆಂಗಸು ಮೊದಲ ಕಲ್ಲಿಟ್ಟು, ಅದರ ಮೇಲೆ 5 ಪೌಂಡು ಕಾಣಿಕೆ ಇಟ್ಟಳೆಂದು ಊರಿನ ಹೇಳಿಕೆ. ಇದ್ದ ಹಳೆಯ ಸಣ್ಣ ಚರ್ಚನ್ನು ಕಳಚಿ, ಅದೇ ಜಾಗದಲ್ಲಿ, ಹೊಳೆಯ ಮಗ್ಗುಲಿಗೇ, ಸುಮಾರು 80 ವರ್ಷಗಳಲ್ಲಿ ನಡುಸಾಲೆ, ಪಕ್ಕದ ಹಜಾರಗಳು, ಬಲಿಪೀಠದ ಭಾಗ ಎಲ್ಲ ಎದ್ದವು. ನಡುವೆ 1349ರ ಮಹಾಮಾರಿ ಬಂದು ಹೋಯಿತು. ಕೆಲಸ ಮಾತ್ರ ಕೈಬಿಡಲಿಲ್ಲ. ಗೋಪುರಕ್ಕೆ ಕೈ ಹಾಕಿದ್ದು ಆಮೇಲೆ, 15ನೇ ಶತಮಾನದಲ್ಲಿ. ತುದಿಯ ಎಂಟು ಮೂಲೆಯ ಲಾಟೀನು ಮುಗಿದದ್ದು 1520ರ ಆಸುಪಾಸು. ನೆಲ ಹೇಳಿಕೇಳಿ ಜವುಗು. ಪಾಯಕ್ಕೆ ಉಣ್ಣೆಯ ಮೂಟೆ ಹಾಕಿದ್ದಾರೆ ಎಂಬ ಕಥೆಯನ್ನು ಊರವರು ಇವತ್ತಿಗೂ ಹೇಳುತ್ತಾರೆ. ಪಾಯ ಕಲ್ಲಿನದೇ, ಉಣ್ಣೆ ಇದ್ದದ್ದು ಹಣದ ಚೀಲದಲ್ಲಿ. ಅದೇನಿದ್ದರೂ, ಹೊಳೆಯ ಕೆಸರಿನ ಪಕ್ಕದಲ್ಲಿ ಅಷ್ಟು ಭಾರ ಹೊತ್ತು ನಿಂತ ಆ ಗೋಪುರ ಕುಸಿದ ದಾಖಲೆಯಿಲ್ಲ. ಕಟ್ಟಿದ ಕಲ್ಲುಕುಟಿಗರ ಹೆಸರು ಊರ ಜನಕ್ಕೆ ಗೊತ್ತಿಲ್ಲ, ದುಡ್ಡು ಕೊಟ್ಟವರ ಹೆಸರು ಗೊತ್ತಿದೆ. ಚರಿತ್ರೆಯ ಈ ಚಾಳಿ ನಮಗೂ ಹೊಸದಲ್ಲ.

ದುಡ್ಡು ಕೊಟ್ಟವರೆಂದರೆ ವ್ಯಾಪಾರಿಗಳು ಮತ್ತು ಅವರ ಸಂಘಗಳು. ಅಯ್ಯಾವೊಳೆ ಐನೂರ್ವರ ಶಾಸನಗಳನ್ನು ಓದಿದ ಕನ್ನಡಿಗರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಿಲ್ಲ: ದೂರದೂರಕ್ಕೆ ಸರಕು ಸಾಗಿಸುವ ವರ್ತಕರ ಕೂಟ, ಆ ಕೂಟಕ್ಕೊಂದು ದೈವ, ಮೂಟೆಗಿಷ್ಟು ಎಂದು ದೇವರಿಗೆ ಪಾಲು. ಬಾಸ್ಟನ್ನಿನಲ್ಲಿ ಇಂಥ ಗಿಲ್ಡುಗಳು ಹಲವು ಇದ್ದವು. ಎಲ್ಲಕ್ಕೂ ದೊಡ್ಡದು ಸಂತ ಮೇರಿಯ ಗಿಲ್ಡು. 1390ರ ದಶಕದಲ್ಲಿ ಅದು ಇಟ್ಟಿಗೆಯಲ್ಲಿ ಕಟ್ಟಿಸಿದ ಸಭಾಭವನ ಇಂದಿಗೂ ಸೌತ್ ಸ್ಟ್ರೀಟಿನಲ್ಲಿದೆ, ಈಗ ವಸ್ತುಸಂಗ್ರಹಾಲಯ. ಸದಸ್ಯರು ಸತ್ತರೆ ಮೇಣದ ಬತ್ತಿ, ಪ್ರಾರ್ಥನೆ, ಬಡವರಿಗೆ ಊಟ, ಇವೆಲ್ಲ ಗಿಲ್ಡಿನ ಹೊಣೆ. ಪಾದ್ರಿಗಳಿಗೆ, ಗಾಯಕರಿಗೆ ಸಂಬಳ ಕೊಟ್ಟು ಚರ್ಚಿನಲ್ಲಿ ತಮ್ಮದೇ ಬಲಿಪೀಠ ನಡೆಸುತ್ತಿದ್ದರು.

ಹೊರನಾಡಿನ ವ್ಯಾಪಾರಿಗಳ ಗುರುತೂ ಒಳಗಿದೆ. ಕಪ್ಪುಗಲ್ಲಿನ ಒಂದು ದೊಡ್ಡ ಸಮಾಧಿ ಹಾಸು. ಅದರ ಮೇಲೆ ಗೀರಿದ ಗೆರೆಗಳಲ್ಲಿ ಕೈಮುಗಿದ ಮನುಷ್ಯ. ಜರ್ಮನಿಯ ಮುನ್‌ಸ್ಟರ್ ಊರಿನ ವರ್ತಕ ವಿಸ್ಸೆಲ್ ಸ್ಮಾಲೆನ್‌ಬರ್ಗ್, 1340ರಲ್ಲಿ ಬಾಸ್ಟನ್ನಿನಲ್ಲಿ ತೀರಿಕೊಂಡವನು. ಹಾನ್ಸಾ ಕೂಟದ ಜರ್ಮನ್ ವರ್ತಕರಿಗೆ ಈ ಬಂದರಿನಲ್ಲಿ ತಮ್ಮ ಉಗ್ರಾಣವಿತ್ತು. ಮೊದಲು ಫ್ರಾನ್ಸಿಸ್ಕನ್ ಮಠದಲ್ಲಿದ್ದ ಈ ಕಲ್ಲು ಮಠ ಹೋದ ಮೇಲೆ ಚರ್ಚಿಗೆ ಬಂತು. ಪರಸ್ಥಳದಲ್ಲಿ ದುಡಿದು, ಅಲ್ಲೇ ಮಣ್ಣಾದವನ ಕಲ್ಲು. ಚರ್ಚಿನಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಇದರ ಮುಂದೆ. ಯಾಕೆಂದು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಗಾಯಕರ ಸಾಲಿನ ಮರದ ಆಸನಗಳನ್ನು ನೋಡದೆ ಬರಬೇಡಿ. 1390ರ ಸುಮಾರಿನವು, 62 ಇವೆ. ಮಡಿಸುವ ಹಲಗೆಯ ತಳದಲ್ಲಿ ಒಂದು ಪುಟ್ಟ ಚಾಚು. ತಾಸುಗಟ್ಟಲೆ ನಿಂತು ಪ್ರಾರ್ಥಿಸುವವರು ನಿಂತಂತೆ ಕಂಡು ಅದರ ಮೇಲೆ ಒರಗಲಿ ಎಂಬ ಕರುಣೆಯ ಏರ್ಪಾಡು. ಆ ಚಾಚಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಬಡಗಿಗಳು ತಮ್ಮ ಕುಚೇಷ್ಟೆಯನ್ನೆಲ್ಲ ಕೆತ್ತಿದ್ದಾರೆ. ಒಂದರಲ್ಲಿ ಮೇಷ್ಟ್ರು ಹುಡುಗನ ಕುಂಡೆಗೆ ಬೆತ್ತದಲ್ಲಿ ಬಾರಿಸುತ್ತಿದ್ದಾರೆ, ಹುಡುಗ ಪುಸ್ತಕ ಅಡ್ಡ ಹಿಡಿದಿದ್ದಾನೆ. ಇನ್ನೊಂದರಲ್ಲಿ ಕರಡಿ ಆರ್ಗನ್ ನುಡಿಸುತ್ತಿದೆ. ನಮ್ಮ ದೇವಸ್ಥಾನಗಳ ಹೊರಗೋಡೆಯ ಕೆಳಸಾಲಿನ ಶಿಲ್ಪಗಳನ್ನು ಕಂಡವರಿಗೆ ಈ ಸ್ವಾತಂತ್ರ್ಯದ ಪರಿಚಯವಿದೆ. ಗೋಪುರದ ಕೆಳಗೆ ನಿಂತು ತಲೆ ಎತ್ತಿದರೆ 137 ಅಡಿ ಮೇಲೆ ಕಮಾನಿನ ಛತ್ತು. ಅದು ಮಾತ್ರ ಹಳೆಯದಲ್ಲ. 1850ರ ದಶಕದ ಜೀರ್ಣೋದ್ಧಾರದಲ್ಲಿ ಸೇರಿದ್ದು. ಇನ್ನೊಂದು ಲೆಕ್ಕವನ್ನು ಅಲ್ಲಿಯ ಮಾರ್ಗದರ್ಶಕರು ಹೇಳಿಯೇ ಹೇಳುತ್ತಾರೆ: ಗೋಪುರಕ್ಕೆ 365 ಮೆಟ್ಟಿಲು, ಚರ್ಚಿಗೆ 52 ಕಿಟಕಿ, 12 ಕಂಬ, 7 ಬಾಗಿಲು, ಗ್ರಂಥಾಲಯಕ್ಕೆ 24 ಮೆಟ್ಟಿಲು. ವರ್ಷ, ವಾರ, ತಿಂಗಳು, ದಿನ, ಗಂಟೆ. ಎಲ್ಲಿಂದ ಎಣಿಸಬೇಕು, ಯಾವುದನ್ನು ಬಿಡಬೇಕು ಎಂದು ಮೊದಲೇ ಗೊತ್ತಿದ್ದರೆ ಇಂಥ ಲೆಕ್ಕ ಎಲ್ಲ ಕಟ್ಟಡದಲ್ಲೂ ಕೂಡಿಬರುತ್ತದೆ ಎಂದು ನನ್ನ ಗುಮಾನಿ.

ಸಂತ ಮೇರಿಯ ಗಿಲ್ಡಿನ ಮುಖ್ಯ ವರಮಾನ ಪಾಪವಿನಾಯಿತಿ ಪತ್ರಗಳಿಂದ. ರೋಮಿಗೆ ಯಾತ್ರೆ ಹೋದಷ್ಟೇ ಪುಣ್ಯ ಬಾಸ್ಟನ್ನಿನ ಬಲಿಪೀಠಕ್ಕೆ ಬಂದರೂ ಸಿಗುತ್ತದೆ ಎಂಬ ಪೋಪರ ಅಪ್ಪಣೆ ಅದಕ್ಕಿತ್ತು. 16ನೇ ಶತಮಾನದ ಎರಡನೆಯ ದಶಕದಲ್ಲಿ ಆ ಅಪ್ಪಣೆಯನ್ನು ನವೀಕರಿಸಿಕೊಂಡು ಬರಲು ರೋಮಿಗೆ ಹೋದ ತಂಡಕ್ಕೆ ಗಿಲ್ಡು ಒಬ್ಬ ಚುರುಕು ಮನುಷ್ಯನನ್ನು ಜೊತೆಮಾಡಿಕೊಂಡಿತು. ಹೆಸರು ಥಾಮಸ್ ಕ್ರಾಮ್‌ವೆಲ್. ಪೋಪರು ಬೇಟೆ ಮುಗಿಸಿ ಬರುವ ದಾರಿಯಲ್ಲಿ ಕಾದು ನಿಂತು, ಇಂಗ್ಲಿಷ್ ಹಾಡು ಹಾಡಿಸಿ, ಇಂಗ್ಲೆಂಡಿನಲ್ಲಿ ಅರಸರಷ್ಟೇ ತಿನ್ನುವ ಜೆಲ್ಲಿ ಎಂದು ಸಿಹಿತಿಂಡಿ ಒಪ್ಪಿಸಿ, ಕೆಲಸ ಆಗಿಸಿಕೊಂಡನಂತೆ. ಕಥೆ ಬರೆದಿಟ್ಟವನು ಜಾನ್ ಫಾಕ್ಸ್. ಪ್ರಾಟೆಸ್ಟಂಟ್ ಹುತಾತ್ಮರ ಚರಿತ್ರೆಯಿಂದ ಹೆಸರಾದ ಅವನು ಹುಟ್ಟಿದ್ದು ಬಾಸ್ಟನ್ನಿನಲ್ಲೇ. ಮಸಾಲೆ ಸೇರಿಸಿರಬಹುದು. ಆದರೆ ಮುಂದಿನದು ಮಸಾಲೆಯಲ್ಲ: ಇದೇ ಕ್ರಾಮ್‌ವೆಲ್ 1530ರ ದಶಕದಲ್ಲಿ 8ನೇ ಹೆನ್ರಿಯ ಮಂತ್ರಿಯಾಗಿ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿದ. ಬಾಸ್ಟನ್ನಿನ ನಾಲ್ಕು ಭಿಕ್ಷು ಮಠಗಳೂ ಹೋದವು. ಆಮೇಲೆ ಗಿಲ್ಡುಗಳೂ ಹೋದವು.

ಅಷ್ಟು ಹೊತ್ತಿಗೆ ಪೇಟೆಯೂ ಬಡವಾಗಿತ್ತು. ಇಂಗ್ಲೆಂಡು ಉಣ್ಣೆಯ ಬದಲು ಬಟ್ಟೆಯನ್ನೇ ನೇಯ್ದು ಕಳಿಸತೊಡಗಿತು. ಆ ವ್ಯಾಪಾರ ಲಂಡನ್ನಿನ ಪಾಲಾಯಿತು. ಹಾನ್ಸಾದವರು ಗಂಟು ಕಟ್ಟಿದರು. ವಿದಮ್ ಹೊಳೆಯಲ್ಲಿ ಹೂಳು ತುಂಬಿ ದೊಡ್ಡ ಹಡಗು ಬರುವುದು ಕಷ್ಟವಾಯಿತು. ಗೋಪುರ ಮುಗಿಯುವಷ್ಟರಲ್ಲಿ ಅದಕ್ಕೆ ದುಡ್ಡು ಕೊಟ್ಟ ವ್ಯಾಪಾರವೇ ಮುಗಿದಿತ್ತು. ಮುಂದಿನ ಐದು ನೂರು ವರ್ಷ ಈ ಚರ್ಚಿನ ಚರಿತ್ರೆಯೆಂದರೆ ಊರಿನ ಶಕ್ತಿಗೆ ಮೀರಿದ ಕಟ್ಟಡವನ್ನು ಉಳಿಸಿಕೊಂಡು ಬಂದ ಚರಿತ್ರೆ. ಪ್ರವಾಸಿ ಕೈಪಿಡಿಗಳು ಕಟ್ಟಿದವರ ವೈಭವವನ್ನು ಹೊಗಳುತ್ತವೆ. ನನ್ನ ಮಟ್ಟಿಗೆ ದೊಡ್ಡವರು ಆಮೇಲಿನವರು, ಸೋರುವ ಸೂರಿಗೆ ಸೀಸದ ಹಾಳೆ ಹೊದಿಸುತ್ತ ಬಂದವರು.

1545ರಲ್ಲಿ ಊರಿಗೆ ಪುರಸಭೆಯ ಸನ್ನದು ಸಿಕ್ಕಿತು. ಹಳೆಯ ಗಿಲ್ಡುಗಳ ಆಸ್ತಿ ಎಷ್ಟೋ ಅದರ ಕೈಗೆ ಬಂತು. ಜೊತೆಗೆ ಚರ್ಚಿಗೆ ಪಾದ್ರಿಯನ್ನು ಆರಿಸುವ ಹಕ್ಕೂ ಬಂತು. ಮೇಯರ್, ಅಂಗಡಿಕಾರರು, ಧಾನ್ಯದ ವ್ಯಾಪಾರಿಗಳು ಕೂತು ಪಾದ್ರಿಯನ್ನು ಚುನಾಯಿಸುವುದು! ನಮ್ಮ ಬಾಸ್ಟನ್ನಿನ ಚರಿತ್ರೆ ಶುರುವಾಗುವುದು ಆ ಹಕ್ಕಿನಿಂದ. 1612ರಲ್ಲಿ ಸ್ಥಾನ ಖಾಲಿಯಾದಾಗ ಕೇಂಬ್ರಿಜಿನ ಇಮ್ಯಾನ್ಯುಯಲ್ ಕಾಲೇಜಿನ 27ರ ತರುಣ ಜಾನ್ ಕಾಟನ್ನನ ಹೆಸರು ಬಂತು. ಮತ ಸಮಸಮ ಬಿತ್ತಂತೆ. ನಿರ್ಣಾಯಕ ಮತ ಮೇಯರನದು. ಅವನಿಗೆ ಕಾಟನ್ ಬೇಡ. ಆದರೆ ಗಡಿಬಿಡಿಯಲ್ಲಿ ಕಾಟನ್ನನಿಗೇ ಮತ ಹಾಕಿಬಿಟ್ಟ. ಇನ್ನೊಮ್ಮೆ ಮತ ತೆಗೆಯಿರಿ ಎಂದು ಗೋಗರೆದು, ಎರಡನೆಯ ಸಲವೂ ಅದನ್ನೇ ಮಾಡಿದ. ಕಾಟನ್ನನ ಕಡೆಯವರು ಬರೆದಿಟ್ಟ ಕಥೆ ಇದು, ದೇವರ ಸಂಕಲ್ಪಕ್ಕೆ ಸಾಕ್ಷಿಯೆಂದು. ಪುರಸಭೆಯ ಸಭೆಗಳನ್ನು ಬಲ್ಲವರಿಗೆ ದೇವರನ್ನು ಎಳೆತರದೆಯೂ ನಂಬಬಹುದಾದ ಕಥೆ.

ಕಾಟನ್ ಪ್ಯೂರಿಟನ್, ಅಂದರೆ ಇಂಗ್ಲೆಂಡಿನ ಚರ್ಚಿನೊಳಗೆ ಉಳಿದಿರುವ ಕ್ಯಾಥಲಿಕ್ ಆಚಾರಗಳನ್ನೆಲ್ಲ ತೊಳೆದುಹಾಕಬೇಕು ಎನ್ನುವ ಪಂಥದವನು. ಅವನು ನಿಂತು ಉಪದೇಶ ಮಾಡಿದ, ಕುಸುರಿ ಕೆಲಸದ ಮರದ ಪೀಠ ಈಗಲೂ ಅಲ್ಲೇ ಇದೆ. ಅದೂ 1612ರ ಕಾಲದ್ದೇ. ತಾಸುಗಟ್ಟಲೆಯ ಅವನ ಉಪದೇಶ ಕೇಳಲು ಸುತ್ತಲ ಹಳ್ಳಿಗಳಿಂದ ಜನ ಬರುತ್ತಿದ್ದರು. ಆಲ್ಫರ್ಡ್ ಎಂಬ ಸಂತೆಯೂರಿನಿಂದ ಆ್ಯನ್ ಹಚಿನ್ಸನ್ ಎಂಬ ಗೃಹಿಣಿ ಬರುತ್ತಿದ್ದಳು. ಲಿಂಕನ್ ಅರ್ಲ್ ಮನೆತನದ ಉಸ್ತುವಾರಿ ನೋಡುತ್ತಿದ್ದ ಥಾಮಸ್ ಡಡ್ಲಿ, ಪುರಸಭೆಯ ಕಾನೂನು ಅಧಿಕಾರಿ ರಿಚರ್ಡ್ ಬೆಲ್ಲಿಂಗ್‌ಹ್ಯಾಮ್, ಇಬ್ಬರೂ ಅವನ ಬಳಗ. ಉತ್ಸಾಹ ಅತಿರೇಕಕ್ಕೂ ಹೋಯಿತು: 1621ರಲ್ಲಿ ಚರ್ಚಿನ ಬಣ್ಣದ ಗಾಜು, ವಿಗ್ರಹಗಳನ್ನು ಕೆಲವರು ಒಡೆದರು. ಕಾಟನ್ ತಾನು ಕೈ ಹಚ್ಚಲಿಲ್ಲ. ಆದರೆ ಪೀಠದಿಂದ ಇಳಿದು ಬಂದ ಮಾತುಗಳು ಕಲ್ಲು ಹಿಡಿದವರ ಕಿವಿಯಲ್ಲಿ ಇದ್ದೇ ಇದ್ದವು. ಲಿಂಕನ್ನಿನ ಬಿಷಪ್ ಜಾನ್ ವಿಲಿಯಮ್ಸ್ ಸ್ವಲ್ಪ ಸಡಿಲ ಬಿಡುವ ಮನುಷ್ಯನಾದ್ದರಿಂದ ಆಮೇಲೂ ಕಾಟನ್ನನಿಗೆ ನಡೆಯಿತು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಬಾಸ್ಟನ್ನಿನ ಸಭಾಭವನದಲ್ಲಿ ಸೆರೆಕೋಣೆಗಳನ್ನು ತೋರಿಸುತ್ತಾರೆ. 1607ರಲ್ಲಿ ಹಾಲೆಂಡಿಗೆ ಕದ್ದು ಹೋಗಲು ಯತ್ನಿಸಿ ಸಿಕ್ಕಿಬಿದ್ದವರನ್ನು ಹಿಡಿದಿಟ್ಟದ್ದು ಅಲ್ಲೇ ಎನ್ನುತ್ತಾರೆ. ವಿಲಿಯಂ ಬ್ರೂಸ್ಟರ್, ವಿಲಿಯಂ ಬ್ರಾಡ್‌ಫರ್ಡ್ ಮೊದಲಾದ ಅವರು ಆಮೇಲೆ ಹೇಗೋ ಹಾಲೆಂಡು ಸೇರಿ, 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಪ್ಲಿಮತ್ತಿಗೆ ಬಂದರು. ನಮ್ಮ ಮಕ್ಕಳು ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಶಾಲೆಯಲ್ಲಿ ಕಲಿಯುವ ಪಿಲ್‌ಗ್ರಿಮರು ಇವರು. ಇವರು ಬಾಸ್ಟನ್ನಿನವರಲ್ಲ, ಕಾಟನ್ನನ ಬಳಗವೂ ಅಲ್ಲ. ಚರ್ಚನ್ನೇ ಬಿಟ್ಟು ಹೊರನಡೆದವರು. 1630ರಲ್ಲಿ ಜಾನ್ ವಿಂತ್ರಾಪನ ಹಡಗುಗಳಲ್ಲಿ ಬಂದವರು ಬೇರೆ. ಆ ಹಡಗುಗಳು ಹೊರಡುವಾಗ ಸೌತಾಂಪ್ಟನ್ನಿನಲ್ಲಿ ಬೀಳ್ಕೊಡುಗೆಯ ಉಪದೇಶ ಮಾಡಿದವನು ಕಾಟನ್. ಅದೇ ವರ್ಷ ಸೆಪ್ಟೆಂಬರ್ 7ರಂದು, ಆಗಿನ ಪಂಚಾಂಗದಂತೆ, ಮೂರು ಗುಡ್ಡಗಳ ಆ ಹೊಸ ನೆಲೆಗೆ ಬಾಸ್ಟನ್ ಎಂದು ಹೆಸರಿಟ್ಟರು. ಹೆಸರಿಟ್ಟವನು ಕಾಟನ್ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅವನಿನ್ನೂ ಆಗ ಲಿಂಕನ್‌ಶೈರಿನಲ್ಲೇ ಇದ್ದ.

1632ರಲ್ಲಿ ಅವನಿಗೂ ಲಂಡನ್ನಿನ ಧಾರ್ಮಿಕ ನ್ಯಾಯಾಲಯದ ಕರೆ ಬಂತು. ತಲೆ ಮರೆಸಿಕೊಂಡ. 1633ರ ಬೇಸಿಗೆಯಲ್ಲಿ ಗ್ರಿಫಿನ್ ಎಂಬ ಹಡಗು ಹತ್ತಿದ. ದಾರಿಯಲ್ಲಿ ಹೆಂಡತಿ ಹೆತ್ತ ಮಗನಿಗೆ ಸೀಬಾರ್ನ್, ಕಡಲಲ್ಲಿ ಹುಟ್ಟಿದವನು, ಎಂದೇ ಹೆಸರಿಟ್ಟರು. ಹಚಿನ್ಸನ್ ಕುಟುಂಬ ಮರುವರ್ಷ ಹಿಂಬಾಲಿಸಿತು. ಡಡ್ಲಿ, ಬೆಲ್ಲಿಂಗ್‌ಹ್ಯಾಮ್, 1616ರಲ್ಲಿ ಹಳೆಯ ಬಾಸ್ಟನ್ನಿನಲ್ಲೇ ಹುಟ್ಟಿದ ಜಾನ್ ಲೆವೆರೆಟ್, ಮೂವರೂ ಮ್ಯಾಸಚೂಸೆಟ್ಸಿನ ಗವರ್ನರರಾದರು. ಒಂದು ಸಂತೆಯೂರಿನ ಚರ್ಚಿಗೆ ಇದು ಸಣ್ಣ ಸಾಧನೆಯಲ್ಲ.

ಕಾಟನ್ನನನ್ನು ಹಳೆಯ ಬಾಸ್ಟನ್ನಿನವರು ಹೊಗಳುವಷ್ಟು ನಾನು ಹೊಗಳಲಾರೆ. ತನ್ನ ಮನಸ್ಸಾಕ್ಷಿಯಂತೆ ಪೂಜಿಸಲು ಬಿಡದ ನಾಡನ್ನು ಬಿಟ್ಟುಬಂದವನು, ತನ್ನದೇ ಶಿಷ್ಯೆ ಹಚಿನ್ಸನ್ ತನ್ನ ಮನಸ್ಸಾಕ್ಷಿಯಂತೆ ಮಾತಾಡಿದಾಗ ಮೊದಲು ಬೆಂಬಲಿಸಿ, ಕೊನೆಗೆ ಕೈಬಿಟ್ಟ. 1637ರಲ್ಲಿ ಅವಳಿಗೆ ಗಡೀಪಾರಿನ ಶಿಕ್ಷೆಯಾಯಿತು. ಮರುವರ್ಷ ಚರ್ಚಿನಿಂದಲೂ ಹೊರಹಾಕಿದರು. ನಮ್ಮ ಸ್ಟೇಟ್ ಹೌಸಿನ ಮುಂದೆ ಅವಳ ಪ್ರತಿಮೆ ಇದೆ. 1652ರಲ್ಲಿ ತೀರಿಕೊಂಡ ಕಾಟನ್ ಕಿಂಗ್ಸ್ ಚಾಪೆಲ್ ಸ್ಮಶಾನದಲ್ಲಿದ್ದಾನೆ. ಒಂದರಿಂದ ಇನ್ನೊಂದಕ್ಕೆ ಕೆಲವೇ ನಿಮಿಷದ ನಡಿಗೆ. ಸೇಂಟ್ ಬೊಟಾಲ್ಫ್ ಬೀದಿಯೂ ನಮ್ಮೂರಿನಲ್ಲೇ ಇದೆಯಲ್ಲ.

ಹಳೆಯ ಬಾಸ್ಟನ್ನಿನಲ್ಲಿ ಕಾಟನ್ನನ ಜಾಗಕ್ಕೆ ಬಂದ ಆ್ಯಂಟನಿ ಟಕ್ನಿ 1634ರಲ್ಲಿ ದಕ್ಷಿಣ ದ್ವಾರಮಂಟಪದ ಮೇಲಿನ ಕೋಣೆಯಲ್ಲಿ ಗ್ರಂಥಾಲಯ ತೆರೆದ. ಅದು ಈಗಲೂ ಅಲ್ಲೇ ಇದೆ. ಮುಂದಿನ ಶತಮಾನ ಚರ್ಚಿಗೆ ಮಂದವಾಗಿ ಸಾಗಿತು. 1766ರಲ್ಲಿ ವಿದಮ್ ಹೊಳೆಗೆ ಗ್ರ್ಯಾಂಡ್ ಸ್ಲೂಸ್ ಎಂಬ ದೊಡ್ಡ ತೂಬು ಬಂದು, ಸುತ್ತಲಿನ ಜವುಗು ಬತ್ತಿ ಹೊಲವಾದ ಮೇಲೆ, ಊರು ಧಾನ್ಯದ ಪೇಟೆಯಾಗಿ ಮತ್ತೆ ಚಿಗುರಿತು. ಚರ್ಚಿನ ಹೊರಗೆ ನಿಂತ ಪ್ರತಿಮೆ ಹರ್ಬರ್ಟ್ ಇಂಗ್ರಮ್‌ನದು. ಇದೇ ಊರಿನ ಈ ಮುದ್ರಕ 1842ರಲ್ಲಿ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಎಂಬ ಮೊದಲ ಸಚಿತ್ರ ವಾರಪತ್ರಿಕೆ ಹೊರಡಿಸಿದ. 1860ರಲ್ಲಿ ಅಮೆರಿಕದ ಮಿಶಿಗನ್ ಸರೋವರದಲ್ಲಿ ಹಡಗು ಮುಳುಗಿ ಸತ್ತ.

ಮಗಳ ಮನೆಯಿಂದ ತೌರಿಗೆ ದುಡ್ಡು ಬಂದದ್ದೂ ಆ ಕಾಲದಲ್ಲೇ. 1857ರಲ್ಲಿ ಮ್ಯಾಸಚೂಸೆಟ್ಸಿನ ಬಾಸ್ಟನ್ನಿನವರು ವಂತಿಗೆ ಎತ್ತಿ ಚರ್ಚಿನ ನೈಋತ್ಯದ ಪ್ರಾರ್ಥನಾ ಕೋಣೆಯನ್ನು ಕಾಟನ್ನನ ನೆನಪಿಗೆ ದುರಸ್ತಿ ಮಾಡಿಸಿದರು. ಅಲ್ಲಿಯ ಹಿತ್ತಾಳೆ ಫಲಕದ ಲ್ಯಾಟಿನ್ ಒಕ್ಕಣೆ ಎಡ್ವರ್ಡ್ ಎವರೆಟ್‌ನದು. ಗೆಟಿಸ್‌ಬರ್ಗಿನಲ್ಲಿ ಅಧ್ಯಕ್ಷ ಲಿಂಕನ್‌ಗಿಂತ ಮೊದಲು ಎರಡು ಗಂಟೆ ಮಾತಾಡಿ, ಲಿಂಕನ್ನನ ಎರಡು ನಿಮಿಷದ ಮುಂದೆ ಮರೆತುಹೋದ ಅದೇ ಭಾಷಣಕಾರ. ಗೋಪುರ ಶಿಥಿಲವಾದಾಗ, 1931ರಿಂದ 1933ರವರೆಗಿನ ದೊಡ್ಡ ದುರಸ್ತಿಗೂ ಇಲ್ಲಿಂದಲೇ ದೊಡ್ಡ ಪಾಲು ಹೋಯಿತು. ಇಸವಿ ನೋಡಿ: ಅಮೆರಿಕದ ಬ್ಯಾಂಕುಗಳು ಮುಳುಗುತ್ತಿದ್ದ, ಜನ ರೊಟ್ಟಿಗೆ ಸಾಲು ನಿಂತ ವರ್ಷಗಳು.

ಚರ್ಚಿಗೆ ಹೊಳೆಯ ಕಾಟ ಹಳೆಯದು. ಗೋಪುರದ ಬುಡದ ಗೋಡೆಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ಗೆರೆ ಕೊರೆದು ಇಸವಿ ಬರೆದಿದ್ದಾರೆ: 1810, 1953, 1978. 1571ರ ಪ್ರವಾಹದ ಮೇಲೆ ಇದೇ ಊರಿನ ಕವಯಿತ್ರಿ ಜೀನ್ ಇಂಗೆಲೊ ಬರೆದ ಪದ್ಯವನ್ನು ಇಂಗ್ಲೆಂಡಿನ ಹಿಂದಿನ ತಲೆಮಾರು ಶಾಲೆಯಲ್ಲಿ ಬಾಯಿಪಾಠ ಮಾಡಿತ್ತು. 2013ರ ಡಿಸೆಂಬರ್ 5ರ ರಾತ್ರಿ ಕಡಲಿನ ಉಬ್ಬರ ಹೊಳೆಗೆ ನುಗ್ಗಿ, ದಂಡೆ ದಾಟಿ, ಚರ್ಚಿನೊಳಗೆ ಬಂತು. ಆಮೇಲೆ ಸರ್ಕಾರ ಹೊಳೆಗೆ ಅಡ್ಡಲಾಗಿ ಎತ್ತಿ ಮುಚ್ಚುವ ಭಾರಿ ಕದ ಹಾಕಿಸಿತು. 2020ರ ಕೊನೆಯಿಂದ ಅದು ಕೆಲಸ ಮಾಡುತ್ತಿದೆ.

ಇವತ್ತಿನ ಬಾಸ್ಟನ್ನಿನ ಬಗ್ಗೆ ಹೇಳದೆ ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ. ಜವುಗು ಬತ್ತಿಸಿ ಪಡೆದ ಆ ಕಪ್ಪು ನೆಲ ಇಂಗ್ಲೆಂಡಿನ ತರಕಾರಿ ತೋಟ. ಕೋಸು ಕೊಯ್ಯಲು, ಹೂಕೋಸು ಕಟ್ಟಲು, ಪೊಟ್ಟಣ ತುಂಬಲು ಆಳು ಬೇಕು. 2004ರ ನಂತರ ಪೋಲಂಡ್, ಲಿಥುವೇನಿಯಾ, ಲಾಟ್ವಿಯಾಗಳಿಂದ ಜನ ಬಂದರು. 2011ರ ಜನಗಣತಿಯ ಹೊತ್ತಿಗೆ ಹತ್ತರಲ್ಲಿ ಒಬ್ಬರು ಆ ಕಡೆಯವರು. ವೆಸ್ಟ್ ಸ್ಟ್ರೀಟಿನ ಅಂಗಡಿ ಫಲಕಗಳನ್ನು ಓದಿದರೆ ತಿಳಿಯುತ್ತದೆ. 2016ರಲ್ಲಿ ಯೂರೋಪಿನ ಒಕ್ಕೂಟ ಬಿಡಬೇಕೆಂದು ಇಡೀ ದೇಶದಲ್ಲೇ ಅತಿ ಹೆಚ್ಚು, ಶೇಕಡಾ 75.6ರಷ್ಟು ಮತ ಬಿದ್ದದ್ದೂ ಈ ಊರಿನಲ್ಲೇ. ಹೊರಗಿಂದ ಬಂದವರ ಒತ್ತಡ ಶಾಲೆ, ಆಸ್ಪತ್ರೆ, ಬಾಡಿಗೆಮನೆಗಳ ಮೇಲೆ ಬಿದ್ದದ್ದು ಸುಳ್ಳಲ್ಲ. ಆ ಸಿಟ್ಟನ್ನು ದೂರ ಕುಳಿತು ಹಳಿಯುವುದು ಸುಲಭ. ಆದರೂ ಮುನ್‌ಸ್ಟರಿನ ವರ್ತಕನ ಕಲ್ಲು, ಅಟ್ಲಾಂಟಿಕ್ ದಾಟಿ ಬಂದ ಡಾಲರು, ಇವೆಲ್ಲ ಇರುವ ಚರ್ಚಿನ ಊರು ಅದು. ಹೊರಗಿನವರ ಪಾಲಿಲ್ಲದೆ ಅದರ ಯಾವ ಶತಮಾನವೂ ಸಾಗಲಿಲ್ಲ ಎಂಬುದನ್ನು ಒಬ್ಬ ವಲಸೆಗಾರನಾಗಿ ನಾನು ಗಮನಿಸದೆ ಇರಲಾರೆ.

ಹೋಗಿ ಬರುವುದು ಕಷ್ಟವಲ್ಲ. ಲಂಡನ್ನಿನ ಕಿಂಗ್ಸ್ ಕ್ರಾಸಿನಿಂದ ಗ್ರಾಂತಮ್‌ಗೆ ರೈಲು. ಅಲ್ಲಿ ಸ್ಕೆಗ್ನೆಸ್ ಕಡೆಗೆ ಹೋಗುವ ಸಣ್ಣ ರೈಲಿಗೆ ಬದಲಾಯಿಸಿದರೆ ಸುಮಾರು ಒಂದು ಗಂಟೆಗೆ ಬಾಸ್ಟನ್. ಸಂತೆಯ ದಿನವೇ ಹೋಗಿ. ಸಂತೆಯಿಲ್ಲದ ದಿನ ಈ ಚರ್ಚು ಅರ್ಧ ಮಾತ್ರ ಅರ್ಥವಾಗುತ್ತದೆ. ಗೋಪುರ ಹತ್ತುವವರನ್ನು ನಡುವಿನ ಬಾಲ್ಕನಿಯವರೆಗೆ ಬಿಡುತ್ತಾರೆ. ಮೆಟ್ಟಿಲು ಕಡಿದು, ಇಕ್ಕಟ್ಟು, ಮೊಣಕಾಲು ನೋವಿರುವವರು ಕೆಳಗೇ ಕರಡಿಯ ಆರ್ಗನ್ ಹುಡುಕಲಿ. ಮೋಡವಿಲ್ಲದ ದಿನ ಮೇಲಿನಿಂದ ಲಿಂಕನ್ ಕ್ಯಾಥೆಡ್ರಲ್ಲಿನ ಗೋಪುರಗಳು ಕಾಣುತ್ತವೆ. ಗೋಪುರಕ್ಕೆ ಟಿಕೇಟು ಉಂಟು, ಚರ್ಚಿನೊಳಗೆ ಹೋಗಲು ಕಾಸು ಕೇಳುವುದಿಲ್ಲ. ಇಂಗ್ಲೆಂಡಿನ ಊರ ಚರ್ಚುಗಳ ಸೂರು, ಗೋಡೆಯ ಖರ್ಚು ಆಯಾ ಊರಿನ ಸಭೆಯ ತಲೆಯ ಮೇಲೆಯೇ. ಸರ್ಕಾರ ತಿಂಗಳು ತಿಂಗಳು ಕೊಡುವ ದುಡ್ಡು ಯಾವುದೂ ಇಲ್ಲ. ಬಾಗಿಲ ಬಳಿ ಕಾಣಿಕೆ ಪೆಟ್ಟಿಗೆ ಇದೆ. 1857ರಲ್ಲೂ 1931ರಲ್ಲೂ ನಮ್ಮೂರಿನವರು ಕೊಟ್ಟಿದ್ದಾರೆ. ಈ ಸಂಚಿಕೆ ಓದಿ ಅಲ್ಲಿಗೆ ಹೋಗುವವರು ಆ ಪದ್ಧತಿ ಮುರಿಯಬಾರದೆಂದು ನನ್ನ ಕೋರಿಕೆ.